ನೆಲದಿಂದ ಒಂದು ಅಡಿ ಮೇಲಿನ ಮರುಭೂಮಿ

ಫೆಬ್ರುವರಿಯಲ್ಲಿ ಪ್ರೆಸಿಡೆಂಟ್ಸ್ ಡೇ ಸಾಲು ರಜೆ ಮುಗಿದ ಮಂಗಳವಾರ ನಮ್ಮ ಕ್ಲಿನಿಕ್‌ನಲ್ಲಿ ಚಿಮಟಕ್ಕೆ ಬಿಡುವಿರುವುದಿಲ್ಲ. ಮೂರು ದಿನ ರಜೆ, ಸ್ಯಾನ್ ಡಿಯಾಗೋದಿಂದ ಎರಡು ಗಂಟೆ ದಾರಿ, ಅಲ್ಲಿ ಹಿತವಾದ ಬಿಸಿಲು. ಊರಿಗೆ ಊರೇ ಆನ್ಜಾ-ಬೊರೆಗೊ ಮರುಭೂಮಿಗೆ ಹೋಗಿ ಬಂದಿರುತ್ತದೆ. ಜೊತೆಯಲ್ಲಿ ನಾಯಿಯೂ. ಕುಂಟುವ ಲ್ಯಾಬ್, ತಲೆ ಒದರುತ್ತಲೇ ಇರುವ ಸ್ಪ್ಯಾನಿಯಲ್, ತುಟಿಗೆ ಮುಳ್ಳು ಚುಚ್ಚಿಸಿಕೊಂಡ ಹಸ್ಕಿ ಸಾಲಾಗಿ ಬಂದು ಕೂರುತ್ತವೆ.

ನಾನು ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದಿದವಳು. ಹಸು, ಎಮ್ಮೆ ಮುಟ್ಟಿ ಕಲಿತ ಕೈ. ಇಲ್ಲಿ ಬಂದು ಮತ್ತೆ ಪರೀಕ್ಷೆ ಬರೆದು ಈಗ ನಾಯಿ, ಬೆಕ್ಕು ನೋಡುತ್ತೇನೆ. ಇಲ್ಲಿನ ಕನ್ನಡದ ಮನೆಗಳಲ್ಲೂ ಈಚೆಗೆ ನಾಯಿ ಜಾಸ್ತಿಯಾಗಿವೆ. ಮರುಭೂಮಿಗೆ ಹೊರಟವರು ಫೋನ್ ಮಾಡಿ ಮೊದಲು ಕೇಳುವುದು ಹಾವಿನ ವಿಷಯ. ನನಗೆ ಹಾವಿಗಿಂತ ನೆಲದ ಭಯ ಜಾಸ್ತಿ. ನಮ್ಮ ಕಣ್ಣು ಐದೂವರೆ ಅಡಿ ಮೇಲಿದೆ. ನಾಯಿಯ ಹೊಟ್ಟೆ, ಮೂಗು ಇರುವುದು ನೆಲದಿಂದ ಒಂದೆರಡು ಅಡಿಯಲ್ಲಿ. ಕಾದ ಮರಳಿನ ಝಳ, ಮುಳ್ಳು, ಧೂಳು, ಹಾವಿನ ತಲೆ ಎಲ್ಲವೂ ಅದೇ ಎತ್ತರದಲ್ಲಿವೆ. ಅದಕ್ಕೆ ಎಷ್ಟೇ ಕಷ್ಟವಾದರೂ ನೀವು ಹೊರಟಿರಿ ಅಂದರೆ ಅದೂ ಹಿಂದೆ ಬರುತ್ತದೆ.

ಆನ್ಜಾ-ಬೊರೆಗೊ ಕ್ಯಾಲಿಫೋರ್ನಿಯಾದ ಅತಿ ದೊಡ್ಡ ಸ್ಟೇಟ್ ಪಾರ್ಕ್, 6 ಲಕ್ಷ ಎಕರೆಗೂ ಮೇಲೆ. 1774ರಲ್ಲಿ ಈ ದಾರಿಯಲ್ಲಿ ಹಾದುಹೋದ ಸ್ಪೇನಿನ ಸೇನಾಧಿಕಾರಿ ಹುವಾನ್ ಬಾಟಿಸ್ಟಾ ಡಿ ಆನ್ಜಾನಿಂದ ಹೆಸರಿನ ಅರ್ಧ ಬಂತು. ಇನ್ನರ್ಧ ಸ್ಪ್ಯಾನಿಷ್‌ನಲ್ಲಿ ಕುರಿ. ಇಲ್ಲಿನ ಬೆಟ್ಟಗಳಲ್ಲಿರುವ, ಸುರುಳಿ ಕೊಂಬಿನ ಬಿಗ್‌ಹಾರ್ನ್ ಕಾಡುಕುರಿ. ಈ ಕುರಿ ನೆನಪಿರಲಿ, ನಿಮ್ಮ ನಾಯಿಗೆ ಅಲ್ಲಿರುವ ನಿಯಮಕ್ಕೆ ಇದೂ ಒಂದು ಕಾರಣ.

ನಿಯಮ ಇಷ್ಟು: ನಾಯಿ ಕ್ಯಾಂಪ್‌ಗ್ರೌಂಡ್‌ಗೆ ಬರಬಹುದು, ರಸ್ತೆಗಳಲ್ಲಿ ನಡೆಯಬಹುದು. ಹೈಕಿಂಗ್ ಟ್ರೇಲ್‌ಗೆ, ಅಂದರೆ ಕಾಲುದಾರಿಗೆ, ಬರುವಂತಿಲ್ಲ. ಹಗ್ಗ ಆರು ಅಡಿ ಮೀರಬಾರದು. ರಾತ್ರಿ ಟೆಂಟ್ ಅಥವಾ ಗಾಡಿಯ ಒಳಗೇ ಮಲಗಬೇಕು. ಒಂಟಿಯಾಗಿ ಕಟ್ಟಿಹಾಕಿ ಹೋಗುವಂತಿಲ್ಲ. ರೇಬಿಸ್ ಲಸಿಕೆಯ ಕಾಗದ ಜೊತೆಗಿಟ್ಟುಕೊಳ್ಳಿ.

ಇದನ್ನು ಕೇಳಿದ ತಕ್ಷಣ ಮುಖ ಸಪ್ಪಗಾಗುತ್ತದೆ. ಟ್ರೇಲ್ ಇಲ್ಲ ಅಂದರೆ ನಾಯಿ ಕರೆದುಕೊಂಡು ಹೋಗಿ ಏನು ಮಾಡೋದು ಅಂತ. ಈ ಕುರಿಗಳಿಗೆ ನಾಯಿಯೂ ಒಂದೇ, ತೋಳದಂಥ ಕಯೋಟಿಯೂ ಒಂದೇ. ನಾಯಿಯ ವಾಸನೆ ಬಂದರೆ ಸಾಕು, ನೀರು ಕುಡಿಯದೆ ಬೆಟ್ಟ ಹತ್ತಿಬಿಡುತ್ತವೆ. 1998ರಲ್ಲಿ ಈ ಭಾಗದ ಕುರಿಗಳನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದಾಗ ಅಮೆರಿಕದ ಕಡೆ ಉಳಿದಿದ್ದದ್ದು 300ಕ್ಕೂ ಕಡಿಮೆ. ಅವು ನೆಮ್ಮದಿಯಾಗಿ ನೀರು ಕುಡಿಯಲಿ ಅಂತ ಕಯೋಟಿ ಕ್ಯಾನ್ಯನ್‌ನ ದಾರಿಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನುಷ್ಯರಿಗೂ ಮುಚ್ಚುತ್ತಾರೆ. ಅರಿಜೋನಾದಲ್ಲೂ ಇದೇ ಕಥೆ. ಟೂಸಾನ್ ಹತ್ತಿರದ ಕ್ಯಾಟಲೀನಾ ಸ್ಟೇಟ್ ಪಾರ್ಕ್‌ನ ಟ್ರೇಲ್‌ಗಳಲ್ಲಿ ನಾಯಿ ಓಡಾಡಬಹುದು. ಅಲ್ಲಿಂದ ಮೇಲಕ್ಕೆ ಪುಶ್ ರಿಜ್ ಕಾಡಿನ ಗಡಿ ಬಂದರೆ ವಾಪಸ್. ಅಲ್ಲೂ ಕುರಿಗಳಿವೆ. ಒಂದು ಪಾರ್ಕಿನ ನಿಯಮ ಇನ್ನೊಂದಕ್ಕಿಲ್ಲ, ಹೊರಡುವ ಮುಂಚೆ ಓದಿಕೊಳ್ಳಿ.

ವೈದ್ಯಳಾಗಿ ಹೇಳುವುದಾದರೆ ಈ ರಸ್ತೆಯ ನಿಯಮ ನನಗೆ ಇಷ್ಟ. ಆನ್ಜಾ-ಬೊರೆಗೊದಲ್ಲಿ ಸುಮಾರು 500 ಮೈಲಿ ಮಣ್ಣಿನ ರಸ್ತೆಯಿದೆ. ನಡುವೆ ಮುಳ್ಳಿಲ್ಲ, ಮುಂದೆ ಏನಿದೆ ಅಂತ ಇಪ್ಪತ್ತು ಹೆಜ್ಜೆ ದೂರದಿಂದಲೇ ಕಾಣುತ್ತದೆ. ಬ್ಲೇರ್ ವ್ಯಾಲಿಯಲ್ಲಿ ಬೆಳಗ್ಗೆ ಆರೂವರೆಗೆ ಒಣಗಿದ ಕೆರೆಯ ಅಂಚಿನ ರಸ್ತೆ ಹಿಡಿದು ಹೊರಟರೆ ಒಂದು ಗಂಟೆ ಒಂದು ಗಾಡಿಯೂ ಎದುರಾಗದೇ ಇರಬಹುದು. ನಾಯಿಗೆ ಬೇಕಾದದ್ದು ಮೂಸುವುದಕ್ಕೆ ಹೊಸ ಜಾಗ, ಅಷ್ಟೇ ಅಲ್ವಾ? ತಾಳೆಮರಗಳ ಓಯಸಿಸ್ ನೋಡುವ ಆಸೆ ನಿಮ್ಮದು. ಅದು ಹೋಗಿ ಬರಲು ಮೂರು ಮೈಲಿಯ ಟ್ರೇಲ್, ಗಂಡ ಹೆಂಡತಿ ಸರದಿಯಲ್ಲಿ ಹೋಗಿ ಬನ್ನಿ. ಒಬ್ಬರು ನಾಯಿ ಜೊತೆ ನೆರಳಲ್ಲಿ ಕೂತು ಕಾಫಿ ಕುಡಿಯಲಿ. "ಕಾರಲ್ಲೇ ಬಿಟ್ಟು ಬೇಗ ಬರ್ತೀವಿ" ಮಾತ್ರ ಬೇಡ. ಹೊರಗೆ ಬರೀ 21 ಡಿಗ್ರಿ ಇದ್ದರೂ ಬಿಸಿಲಲ್ಲಿ ನಿಂತ ಕಾರಿನೊಳಗೆ ಅರ್ಧ ಗಂಟೆಯಲ್ಲಿ 40 ಆಗುತ್ತದೆ.

ಬಿಸಿಲಿನ ಮಾತು ಬಂತಲ್ಲ. ನಾವು ಮೈಯೆಲ್ಲಾ ಬೆವರುತ್ತೇವೆ. ನಾಯಿಗೆ ಬೆವರುವುದು ಪಾದದಡಿ ಮಾತ್ರ, ಅದರಿಂದ ಮೈ ತಣ್ಣಗಾಗುವುದಿಲ್ಲ. ನಾಲಿಗೆ ಹೊರಹಾಕಿ ತೇಕುವುದೊಂದೇ ದಾರಿ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಆ ದಾರಿಯೂ ಇಕ್ಕಟ್ಟು. ಗಾಳಿಯಲ್ಲಿ 30 ಡಿಗ್ರಿ ಇದ್ದಾಗ ಬಿಸಿಲು ಬಿದ್ದ ಡಾಂಬರು 57 ಮುಟ್ಟಬಹುದು. ಅಂಗೈ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಸೆಕೆಂಡ್ ಹಿಡಿಯಿರಿ. ಆಗಲಿಲ್ಲವಾ, ನಾಯಿಗೂ ಆಗಲ್ಲ. ನಾಯಿಯ ಪಾದಕ್ಕೆ ಬೂಟಿ (ಪುಟ್ಟ ಬೂಟು) ಹಾಕುವವರು ಎರಡು ವಾರ ಮುಂಚೆ ಮನೆಯಲ್ಲೇ ಅಭ್ಯಾಸ ಮಾಡಿಸಿ. ಇಲ್ಲದಿದ್ದರೆ ಮರುಭೂಮಿಯಲ್ಲಿ ಅದು ಕೊಕ್ಕರೆ ಥರ ಕಾಲೆತ್ತುತ್ತಾ ನಿಲ್ಲುತ್ತದೆ, ನೀವು ವೀಡಿಯೊ ಮಾಡುತ್ತಾ ನಿಲ್ಲುತ್ತೀರಿ.

ಬಿಸಿಲಿನ ಹೊಡೆತ ತಿಂದು ಬಂದ ನಾಯಿಗಳಲ್ಲಿ ನಾನು ನೋಡಿದ್ದು ಜುಲೈಗಿಂತ ಮಾರ್ಚ್‌ನವೇ ಜಾಸ್ತಿ. ಜುಲೈನಲ್ಲಿ 43 ಡಿಗ್ರಿ ದಾಟುತ್ತದೆ, ಬುದ್ಧಿ ಇದ್ದವರು ಹೋಗುವುದಿಲ್ಲ. ಮಾರ್ಚ್‌ನಲ್ಲಿ ಹೂವು ಅರಳಿರುತ್ತದೆ, "ಇನ್ನೂ ವಸಂತ ತಾನೇ" ಅನ್ನುವ ಧೈರ್ಯ. ನಾಯಿ ಚಳಿಗಾಲವೆಲ್ಲ ಸೋಫಾ ಮೇಲೆ ಮಲಗಿ ದಪ್ಪಗಾಗಿರುತ್ತದೆ. ಆರು ವರ್ಷದ ಒಂದು ಲ್ಯಾಬನ್ನು ಹನ್ನೊಂದು ಗಂಟೆಗೆ ಮರಳು ದಾರಿಯಲ್ಲಿ ನಡೆಸಿದ್ದರು. ಹೋಗುವಾಗ ಕುಣಿಯುತ್ತಾ ಹೋಯಿತಂತೆ, ಬರುವಾಗ ಪೊದೆ ಕಂಡಲ್ಲೆಲ್ಲ ಮಲಗತೊಡಗಿತಂತೆ. ಅವರು ಹಟ ಅಂದುಕೊಂಡರು. ಅದು ಬದುಕಿತು, ಆದರೆ ನಾಲ್ಕು ದಿನ ಆಸ್ಪತ್ರೆಯಲ್ಲಿತ್ತು. ನೆರಳು ಹುಡುಕಿ ಮಲಗುವ ನಾಯಿ ಹಟ ಮಾಡುತ್ತಿಲ್ಲ. ಆಗಲೇ ನಿಲ್ಲಿ.

ತೇಕು ನಿಲ್ಲುತ್ತಿಲ್ಲ, ಒಸಡು ಕಡು ಕೆಂಪು, ಹೆಜ್ಜೆ ತೂರಾಡುತ್ತಿದೆ ಅಂದರೆ ಮೊದಲು ತಣ್ಣಗೆ ಮಾಡಿ, ಆಮೇಲೆ ಗಾಡಿ ಓಡಿಸಿ. ಇದನ್ನು ಉಲ್ಟಾ ಮಾಡುವವರೇ ಹೆಚ್ಚು. ಇರುವ ನೀರನ್ನೆಲ್ಲ ಹೊಟ್ಟೆ, ತೊಡೆಸಂದಿ, ಕಂಕುಳಿಗೆ ಸುರಿದು ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಸ್ವಲ್ಪ ಹೊತ್ತಿಗೆ ಅದೇ ಕಂಬಳಿಯಾಗಿ ಶಾಖ ಹಿಡಿದಿಡುತ್ತದೆ. ಬಾಯಿಗೆ ಬಲವಂತವಾಗಿ ನೀರು ಹಾಕಬೇಡಿ. ಥರ್ಮಾಮೀಟರ್ ಇದ್ದರೆ ಗುದದಲ್ಲಿಟ್ಟು ನೋಡಿ. ನಾಯಿಯ ಮಾಮೂಲಿ ಮೈಶಾಖ 38.3ರಿಂದ 39.2. ಇಳಿದು 39.5ಕ್ಕೆ ಬಂದಾಗ ನೀರು ನಿಲ್ಲಿಸಿ. ಎದ್ದು ಬಾಲ ಆಡಿಸಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಿಡ್ನಿ, ರಕ್ತ ಹೆಪ್ಪುಗಟ್ಟುವಿಕೆಯ ತೊಂದರೆ ಒಂದೆರಡು ದಿನ ಬಿಟ್ಟು ತಲೆ ಎತ್ತುತ್ತದೆ. ಕಚ್ಚಾ ಕ್ಯಾಂಪ್‌ಗಳಲ್ಲಿ ನಲ್ಲಿ ಇರುವುದಿಲ್ಲ. 20 ಕೆಜಿ ನಾಯಿಗೆ ಮನೆಯಲ್ಲಿ ದಿನಕ್ಕೆ ಒಂದು ಲೀಟರ್ ಸಾಕಾದರೆ ಅಲ್ಲಿಗೆ ಮೂರು ಹೊರಿ. ಮೈಗೆ ಸುರಿಯುವ ನೀರು ಬೇರೆ.

ಇನ್ನು ಚೋಯಾ. ಟೆಡ್ಡಿ ಬೇರ್ ಚೋಯಾ ಅನ್ನುವ ಮುದ್ದು ಹೆಸರಿನ ಕಳ್ಳಿ. ದೂರದಿಂದ ನೋಡಿದರೆ ತುಪ್ಪಳ. ಹತ್ತಿರ ಹೋದರೆ ಪ್ರತಿ ಮುಳ್ಳಿಗೂ ಗಾಳದ ಹಾಗೆ ಹಿಮ್ಮುಖ ಕೊಕ್ಕೆಗಳು, ಕಣ್ಣಿಗೆ ಕಾಣದಷ್ಟು ಸಣ್ಣವು. ಅದರ ತುಂಡುಗಳು ಉದುರಿ ನೆಲದ ಮೇಲೆಲ್ಲ ಬಿದ್ದಿರುತ್ತವೆ. ನಾಯಿ ತುಳಿಯುತ್ತದೆ. ತಕ್ಷಣ ಬಾಯಿ ಹಾಕಿ ಕಿತ್ತುಕೊಳ್ಳಲು ನೋಡುತ್ತದೆ. ಈಗ ಪಾದದಲ್ಲಿದ್ದದ್ದು ನಾಲಿಗೆಯಲ್ಲಿ, ಅಂಗುಳಿನಲ್ಲಿ. ಮಾಲೀಕರು ಗಾಬರಿಯಲ್ಲಿ ಬರಿಗೈ ಹಾಕುತ್ತಾರೆ. ಆಮೇಲೆ ಇಬ್ಬರೂ ಒಂದೇ ಕಳ್ಳಿಗೆ ಅಂಟಿಕೊಂಡಿರುತ್ತಾರೆ. ಒಬ್ಬರು ನಾಯಿಯ ತಲೆಯನ್ನು ಗಟ್ಟಿಯಾಗಿ ಹಿಡಿಯಿರಿ, ಬಾಯಿ ಪಾದಕ್ಕೆ ತಾಗಬಾರದು. ಇನ್ನೊಬ್ಬರು ಅಗಲ ಹಲ್ಲಿನ ಬಾಚಣಿಗೆಯನ್ನು ಚರ್ಮಕ್ಕೂ ಮುಳ್ಳಿನ ಉಂಡೆಗೂ ನಡುವೆ ತೂರಿಸಿ ಚಿಮ್ಮಿಸಿ, ಜನ ಇಲ್ಲದ ಕಡೆಗೆ. ಉಳಿದ ಒಂಟಿ ಮುಳ್ಳುಗಳನ್ನು ಇಕ್ಕಳದಿಂದ ನೇರಕ್ಕೆ ಎಳೆಯಿರಿ. ಬಾಯೊಳಗೆ ಇದ್ದರೆ ಕೈ ಹಾಕಬೇಡಿ, ಅದನ್ನು ವೈದ್ಯರು ಅರಿವಳಿಕೆ ಕೊಟ್ಟೇ ತೆಗೆಯಬೇಕು. ಸಾವಿರಾರು ರೂಪಾಯಿಯ ಕ್ಯಾಂಪಿಂಗ್ ಸಾಮಾನು ಕೊಂಡವರ ಬ್ಯಾಗಿನಲ್ಲಿ ಒಂದು ಬಾಚಣಿಗೆ ಇರುವುದಿಲ್ಲ.

ನಮ್ಮವರಿಗೆ ಒಂದು ಮಾತು ಬೇರೆ ಹೇಳಬೇಕು. ಕ್ಯಾಂಪಿಗೆ ಬರುವ ಕನ್ನಡದ ಡಬ್ಬಿಗಳಲ್ಲಿ ವಾಂಗಿಬಾತ್, ಈರುಳ್ಳಿ ಹಾಕಿದ ಚಿತ್ರಾನ್ನ, ದ್ರಾಕ್ಷಿ ಹಾಕಿದ ಕೇಸರಿಬಾತ್ ಇರುತ್ತವೆ. ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸಬಲ್ಲದು, ಎಷ್ಟು ತಿಂದರೆ ಅಪಾಯ ಅನ್ನುವ ಲೆಕ್ಕ ನಾಯಿಯಿಂದ ನಾಯಿಗೆ ಬೇರೆ. ಈರುಳ್ಳಿ ಕೆಂಪು ರಕ್ತಕಣ ಒಡೆಯುತ್ತದೆ. ಮಕ್ಕಳು ಸುಮ್ನೆ ಪ್ರೀತಿಗೆ ಒಂದು ತುತ್ತು ಹಾಕುತ್ತಾರೆ. ಒಗ್ಗರಣೆ ಇಲ್ಲದ ಮೊಸರನ್ನ ಸ್ವಲ್ಪ ಕೊಟ್ಟರೆ ನನ್ನ ತಕರಾರಿಲ್ಲ.

ಸರಿ, ಹಾವು. ಇಲ್ಲಿನದು ರ‍್ಯಾಟಲ್‌ಸ್ನೇಕ್, ಬಾಲದಲ್ಲಿ ಗಿಲಕಿ ಇರುವುದು. ನಮ್ಮ ಕೊಳಕುಮಂಡಲದ ಬಳಗ, ನಾಗರಹಾವಿನದಲ್ಲ. ಕಚ್ಚಿದ ಜಾಗ ಊದುತ್ತದೆ, ರಕ್ತ ಹೆಪ್ಪುಗಟ್ಟುವುದು ಕೆಡುತ್ತದೆ. ನಾಯಿಗೆ ಬೀಳುವ ಕಡಿತ ಹೆಚ್ಚಾಗಿ ಮೂತಿಗೆ, ಇಲ್ಲವೇ ಮುಂಗಾಲಿಗೆ. ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ಐಸ್ ಇಡಬೇಡಿ. ಕೊರಳಪಟ್ಟಿ ಬಿಚ್ಚಿ, ಮುಖ ಊದಿದಾಗ ಅದೇ ಉರುಳಾಗುತ್ತದೆ. ಎತ್ತಿಕೊಂಡು ಗಾಡಿಗೆ ಹೋಗಿ. ಬೊರೆಗೊ ಸ್ಪ್ರಿಂಗ್ಸ್‌ನಿಂದ ತುರ್ತು ಪಶು ಆಸ್ಪತ್ರೆಗೆ ಒಂದು ಗಂಟೆಗೂ ಜಾಸ್ತಿ ದಾರಿ. ಪಾರ್ಕಿನ ಬಹಳ ಕಡೆ ಫೋನ್ ಸಿಗ್ನಲ್ ಇಲ್ಲ. ಹೊರಡುವ ಮುನ್ನವೇ ಎರಡು ಆಸ್ಪತ್ರೆಗಳಿಗೆ ಫೋನ್ ಮಾಡಿ, ಹಾವಿನ ವಿಷದ ಮದ್ದು ಇಟ್ಟಿದ್ದೀರಾ ಅಂತ ಕೇಳಿ ನಂಬರ್ ಬರೆದಿಟ್ಟುಕೊಳ್ಳಿ. ಒಂದು ಸೀಸೆಗೆ ನೂರಾರು ಡಾಲರ್, ಹಾಗಾಗಿ ಎಲ್ಲರೂ ಇಟ್ಟಿರುವುದಿಲ್ಲ.

ಯಾರೂ ಕೇಳದ ಕಾಯಿಲೆ ವ್ಯಾಲಿ ಫೀವರ್. ಮರುಭೂಮಿಯ ಮಣ್ಣಿನಲ್ಲಿರುವ ಕಾಕ್ಸಿಡಿಯಾಯ್ಡಿಸ್ ಅನ್ನುವ ಶಿಲೀಂಧ್ರ. ಅರಿಜೋನಾದಲ್ಲಿ ಬಹಳ, ಕ್ಯಾಲಿಫೋರ್ನಿಯಾದಲ್ಲೂ ಇದೆ. ನಾಯಿ ಇಲಿಯ ಬಿಲ ಕೆದರುತ್ತಾ ಮೂಗು ತೂರಿಸಿದಾಗ ಧೂಳಿನ ಜೊತೆ ಶ್ವಾಸಕೋಶ ಸೇರುತ್ತದೆ. ಹೆಚ್ಚಿನ ನಾಯಿಗಳಿಗೆ ಏನೂ ಆಗುವುದಿಲ್ಲ. ಕೆಲವಕ್ಕೆ ಸುಮಾರು ಮೂರು ವಾರದ ನಂತರ ಒಣ ಕೆಮ್ಮು, ಜ್ವರ, ತೂಕ ಇಳಿತ. ಮೂಳೆಗೆ ಹಬ್ಬಿದರೆ ಕುಂಟು. ಆ ಹೊತ್ತಿಗೆ ಪ್ರವಾಸ ಮರೆತೇ ಹೋಗಿರುತ್ತದೆ, ವೈದ್ಯರೂ ಮಾಮೂಲಿ ಕೆಮ್ಮು ಅಂದುಕೊಳ್ಳುತ್ತಾರೆ. "ಕಳೆದ ತಿಂಗಳು ಮರುಭೂಮಿಗೆ ಹೋಗಿದ್ವಿ" ಅನ್ನುವ ಒಂದು ವಾಕ್ಯ ಎರಡು ತಿಂಗಳ ಅಲೆದಾಟ ತಪ್ಪಿಸಬಹುದು. ಮಾತ್ರೆ ಇದೆ, ಆದರೆ ತಿಂಗಳುಗಟ್ಟಲೆ ಕೊಡಬೇಕು. ನಾಯಿ ಕೆಮ್ಮಿದರೆ ಮನೆಯವರಿಗೆ ಅಂಟುವುದಿಲ್ಲ.

ಇಷ್ಟೆಲ್ಲ ಹೇಳುವ ನಾನೂ ಒಮ್ಮೆ ಎಡವಿದೆ. ನಮ್ಮ ಮನೆಯದು ಬೆಂಗಳೂರಿನಿಂದ ಬಂದ ಬೀದಿ ನಾಯಿ, ಕರಿಯ. ಡಿಸೆಂಬರ್‌ನಲ್ಲಿ ಬ್ಲೇರ್ ವ್ಯಾಲಿಗೆ ಹೋದಾಗ ನೀರು, ಬಾಚಣಿಗೆ, ಬೂಟಿ, ಥರ್ಮಾಮೀಟರ್ ಎಲ್ಲ ಇತ್ತು. ಹಗಲು 20 ಡಿಗ್ರಿ, ಹಾಯಾಗಿತ್ತು. ರಾತ್ರಿ ಎರಡು ಗಂಟೆಗೆ ಟೆಂಟಿನಲ್ಲಿ ಏನೋ ಟಕಟಕ ಸದ್ದು. ನೋಡಿದರೆ ಕರಿಯನ ಹಲ್ಲು. ಹೊರಗೆ ಸೊನ್ನೆಯ ಹತ್ತಿರ, ಮೈಮೇಲೆ ಒಂದು ಬೆರಳೂ ಇಲ್ಲದ ಕೂದಲು, ಕೆಳಗೆ ತಣ್ಣಗೆ ಕೊರೆಯುವ ನೆಲ. ಬಿಸಿಲಿಗೆ ತಯಾರಾಗಿ ಹೋದವಳು ಚಳಿಯನ್ನೇ ಮರೆತಿದ್ದೆ. ಬೆಳಗಿನವರೆಗೆ ನನ್ನ ಸ್ಲೀಪಿಂಗ್ ಬ್ಯಾಗಿನಲ್ಲಿ ಇಬ್ಬರೂ ಮಲಗಿದೆವು, ಅಂದರೆ ಅವನು ಮಲಗಿದ. ಈಗ ಅವನಿಗೊಂದು ಸ್ವೆಟರ್, ಕೆಳಗೆ ಹಾಸಲು ದಪ್ಪ ಫೋಮ್ ಮ್ಯಾಟ್ ಮೊದಲು ಗಾಡಿ ಹತ್ತುತ್ತವೆ.

ವಾಪಸ್ ಹೊರಡುವಾಗ ಹತ್ತು ನಿಮಿಷ ತಡವಾಗಲಿ. ಬೆರಳುಸಂದಿ, ಕಂಕುಳು, ಬಾಲದಡಿ, ಕಿವಿಯೊಳಗೆ ಕೈಯಾಡಿಸಿ. ವಸಂತದಲ್ಲಿ ಹುಲ್ಲಿನ ತೆನೆಯ ಚೂಪು ಸಿಪ್ಪೆ ಒಳಗೆ ಸೇರಿದರೆ ಮುಂದಕ್ಕೇ ಹೋಗುತ್ತದೆ, ಹಿಂದೆ ಬರುವುದಿಲ್ಲ. ಕಾರಿನಲ್ಲಿ ಒಂದೇ ಕಡೆ ತಲೆ ವಾಲಿಸಿ ಒದರುತ್ತಿದ್ದರೆ ಮಂಗಳವಾರದವರೆಗೆ ಕಾಯಬೇಡಿ.