ಒಳಗೆ ಅಡಗಿದ ವೈರಸ್ಸು ಹೊರಗಿನ ಟಿ ಕೋಶಕ್ಕೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ವೈರಸ್ಸು ಜೀವಕೋಶದ ಒಳಗೆ ಸೇರಿಕೊಂಡ ಮೇಲೆ ಪ್ರತಿಕಾಯಗಳು ಅದನ್ನು ಮುಟ್ಟಲಾರವು ಅನ್ನುತ್ತಾರೆ. ಹಾಗಿದ್ದರೆ ಸೋಂಕಿತ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣವಾದ ಟಿ ಕೋಶಕ್ಕೆ ಮಾತ್ರ ಅದು ಹೇಗೆ ಗೊತ್ತಾಗುತ್ತದೆ? ಸೋಂಕು ತಗುಲಿದ ಕೋಶ ಸಾಯುವಾಗ ಅಂಟಿಕೊಂಡೇ ಇರುವ ಪಕ್ಕದ ಕೋಶ ಹೇಗೆ ಉಳಿಯುತ್ತದೆ?

ಉತ್ತರ: ಟಿ ಕೋಶ ವೈರಸ್ಸನ್ನು ನೋಡುವುದೇ ಇಲ್ಲ. ಅದು ನೋಡುವುದು ನಮ್ಮದೇ ಕೋಶ ಹೊರಗಿಟ್ಟ ಕಸವನ್ನು.

ಒಂದು ಬೀದಿ. ಪ್ರತಿ ಮನೆಯವರೂ ಅಡುಗೆಮನೆಯ ಸಿಪ್ಪೆ, ಬೀಜ, ತೊಟ್ಟುಗಳನ್ನು ತಟ್ಟೆಗೆ ಹಾಕಿ ಹೊಸ್ತಿಲಾಚೆ ಇಡಬೇಕೆಂಬ ಕಟ್ಟಳೆ ಇದೆ ಅಂದುಕೊಳ್ಳಿ. ಹಲಸಿನ ರಚ್ಚೆ ಕಂಡರೆ ಒಳಗೆ ಹಲಸು ಬಿಚ್ಚಿದ್ದಾರೆ ಎಂದು ತಿಳಿಯಲು ಯಾರೂ ಬಾಗಿಲು ತಟ್ಟಬೇಕಾಗಿಲ್ಲ. ಜೀವಕೋಶವೂ ಹಾಗೆಯೇ. ತನ್ನೊಳಗೆ ತಯಾರಾಗುವ ಪ್ರೋಟೀನುಗಳಲ್ಲಿ ಒಂದು ಪಾಲನ್ನು ಅದು ಸದಾ ತುಂಡರಿಸುತ್ತಿರುತ್ತದೆ. ಆ ಕೆಲಸ ಮಾಡುವ ಯಂತ್ರದ ಹೆಸರು ಪ್ರೋಟಿಯಾಸೋಮ್. 8ರಿಂದ 10 ಅಮೈನೊ ಆಮ್ಲಗಳಷ್ಟು ಉದ್ದದ ಚೂರುಗಳು ಎಂಎಚ್‌ಸಿ ಎಂಬ ಪ್ರೋಟೀನಿನ ತೋಡಿನಲ್ಲಿ ಕೂತು ಕೋಶದ ಹೊರಮೈಗೆ ಬರುತ್ತವೆ. ತಟ್ಟೆ ಎಂದರೆ ಇದೇ. ಇಲಿಗಳಲ್ಲಿ ಇದಕ್ಕೆ ಎಚ್-2 ಎನ್ನುತ್ತಾರೆ. ನಮ್ಮಲ್ಲಿ ಎಚ್‌ಎಲ್‌ಎ, ಮೂತ್ರಪಿಂಡ ಕಸಿಗೆ ಮೊದಲು ಹೊಂದಾಣಿಕೆ ನೋಡುತ್ತಾರಲ್ಲ, ಅದು. ಕೋಶದೊಳಗೆ ವೈರಸ್ಸಿನ ಪ್ರೋಟೀನು ತಯಾರಾಗುತ್ತಿದ್ದರೆ ಅದರ ಚೂರೂ ತಟ್ಟೆಗೆ ಬಂದೇ ಬರುತ್ತದೆ.

ಟಿ ಕೋಶ ಗುರುತಿಸುವುದು ಬರೀ ಸಿಪ್ಪೆಯನ್ನಲ್ಲ, ಬರೀ ತಟ್ಟೆಯನ್ನೂ ಅಲ್ಲ, ಎರಡನ್ನೂ ಒಟ್ಟಿಗೆ. ಇದನ್ನು ನಮಗೆ ತಿಳಿಸಿಕೊಟ್ಟದ್ದು ಇಲಿಗಳು. 1973ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ, ಪಶುವೈದ್ಯ ಪೀಟರ್ ಡೊಹರ್ಟಿ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ವೈದ್ಯ ರೋಲ್ಫ್ ಝಿಂಕರ್ನಾಗೆಲ್ ಒಂದೇ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಅವರು ಹಿಡಿದುಕೊಂಡಿದ್ದದ್ದು ಇಲಿಗಳಿಗೆ ತಗುಲುವ ಎಲ್‌ಸಿಎಂವಿ ಎಂಬ ವೈರಸ್ಸು. ವಿಚಿತ್ರ ವೈರಸ್ಸು ಅದು: ಹೊಕ್ಕ ಕೋಶವನ್ನು ತಾನಾಗಿ ಕೊಲ್ಲುವುದು ಕಡಿಮೆ. ಮಿದುಳಿಗೆ ಚುಚ್ಚಿದರೆ ಇಲಿ ಸಾಯುತ್ತದೆ ನಿಜ, ಆದರೆ ಆ ಸಾವಿಗೆ ಕಾರಣ ಇಲಿಯ ಟಿ ಕೋಶಗಳ ದಾಳಿ. ಟಿ ಕೋಶಗಳೇ ಇಲ್ಲದ ಇಲಿ ಅದೇ ವೈರಸ್ಸನ್ನು ಹೊತ್ತುಕೊಂಡು ಬದುಕಿರುತ್ತದೆ.

ಪ್ರಯೋಗ ನೋಡಲು ಸರಳ. ಪ್ರಯೋಗಾಲಯದ ಹಲಗೆಯ ಪುಟ್ಟ ಗುಳಿಗಳಲ್ಲಿ ಇಲಿಯ ಕೋಶಗಳನ್ನು ಬೆಳೆಸಿ, ವೈರಸ್ ತಗುಲಿಸಿ, ವಿಕಿರಣಶೀಲ ಕ್ರೋಮಿಯಂ 51 ಉಣ್ಣಿಸುತ್ತಾರೆ. ಕೋಶದ ಪೊರೆ ಗಟ್ಟಿಯಾಗಿರುವಷ್ಟು ಹೊತ್ತು ಕ್ರೋಮಿಯಂ ಬಹುಪಾಲು ಒಳಗೇ ಇರುತ್ತದೆ, ಪೊರೆ ಹರಿದರೆ ಹೊರಗಿನ ದ್ರವಕ್ಕೆ ಸೋರುತ್ತದೆ. ಸೋಂಕಾಗಿ ವಾರ ಕಳೆದ ಇಲಿಯ ಗುಲ್ಮದಿಂದ ತೆಗೆದ ಟಿ ಕೋಶಗಳನ್ನು ಗುಳಿಗೆ ಹಾಕಿ, ಕೆಲವು ಗಂಟೆ ಕಾದು, ಮೇಲಿನ ದ್ರವ ತೆಗೆದು ವಿಕಿರಣ ಎಣಿಸಿದರೆ ಎಷ್ಟು ಕೋಶ ಸತ್ತವೆಂಬ ಲೆಕ್ಕ ಸಿಗುತ್ತದೆ.

ಗುಳಿಯಲ್ಲಿದ್ದ ಕೋಶಗಳದ್ದು ಎಚ್-2ಕೆ ಎಂಬ ನಮೂನೆಯ ತಟ್ಟೆ. ಅದೇ ನಮೂನೆಯ ಸಿಬಿಎ ತಳಿಯ ಟಿ ಕೋಶ ಹಾಕಿದಾಗ ನೂರಕ್ಕೆ ಸುಮಾರು 65 ಭಾಗ ಕ್ರೋಮಿಯಂ ಸೋರಿತು. ಬೇರೆ ನಮೂನೆಯ ಬಾಲ್ಬ್-ಸಿ ತಳಿಯ ಟಿ ಕೋಶ ಹಾಕಿದಾಗ ಸುಮಾರು 18. ಸೋಂಕೇ ಇಲ್ಲದ ಕೋಶಗಳಿಂದಲೂ 17ರಷ್ಟು ಸೋರುತ್ತಿತ್ತು, ಅಂದರೆ ಬಾಲ್ಬ್-ಸಿ ಟಿ ಕೋಶಗಳು ಏನೂ ಮಾಡಿರಲಿಲ್ಲ. ಆ ಇಲಿಗೂ ಇದೇ ವೈರಸ್ಸೇ ತಗುಲಿತ್ತು. ಸಿಪ್ಪೆ ಅದೇ ವೈರಸ್ಸಿನದು, ತಟ್ಟೆ ಮಾತ್ರ ಪರರದ್ದು, ಹಾಗಾಗಿ ಟಿ ಕೋಶ ತಿರುಗಿಯೂ ನೋಡಲಿಲ್ಲ. 1974ರಲ್ಲಿ ಇದು ಪ್ರಕಟವಾಯಿತು, 1996ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಪ್ರಯೋಗದವರೆಗೆ ಎಂಎಚ್‌ಸಿ ಎಂದರೆ ಕಸಿ ಮಾಡುವವರಿಗೆ ಕಾಟ ಕೊಡುವ ವಸ್ತು ಎಂದಷ್ಟೇ ಹೆಚ್ಚಿನವರು ಬಲ್ಲರು. ಕಸಿ ಮಾಡುವವರನ್ನು ಕಾಡಲೆಂದು ಪ್ರಕೃತಿ ಇಂಥದ್ದೊಂದನ್ನು ಏಕೆ ಇಟ್ಟುಕೊಳ್ಳುತ್ತದೆ ಎಂಬ ಒಗಟಿಗೂ ಇಲ್ಲೇ ಉತ್ತರ ಸಿಕ್ಕಿತು.

ಇನ್ನು ಕೊಲ್ಲುವ ಬಗೆ. ಗುರುತು ಸಿಕ್ಕ ಟಿ ಕೋಶ ಎದುರಿನ ಕೋಶಕ್ಕೆ ಕಚ್ಚಿಕೊಂಡು ಕೂರುತ್ತದೆ. ಅದರೊಳಗಿನ ವಿಷದ ಪೊಟ್ಟಣಗಳು ಆ ಅಂಟಿದ ಜಾಗದತ್ತಲೇ ಸರಿದು, ಅಲ್ಲೇ ಒಡೆಯುತ್ತವೆ. ಪಕ್ಕದ ಕೋಶ ಉಳಿಯುವುದು ಇದರಿಂದ. ಪೊಟ್ಟಣದಲ್ಲಿರುವ ಪರ್ಫೋರಿನ್ ಎದುರಿನ ಪೊರೆಗೆ ತೂತು ಕೊರೆಯುತ್ತದೆ, ಗ್ರಾನ್‌ಜೈಮ್ ಎಂಬ ಕಿಣ್ವಗಳು ಒಳನುಗ್ಗಿ ಕೋಶದ ಆತ್ಮಹತ್ಯೆಯ ಗುಂಡಿ ಒತ್ತುತ್ತವೆ. ಕೋಶ ಸುಮ್ಮನೆ ಒಡೆದು ಚೆಲ್ಲಾಡುವುದಿಲ್ಲ, ತನ್ನ ಡಿಎನ್‌ಎಯನ್ನು ತಾನೇ ಕತ್ತರಿಸಿಕೊಂಡು ಮುದುಡಿ ಸಾಯುತ್ತದೆ. ಇದಕ್ಕೂ ಸಾಕ್ಷಿ ಇಲಿಯೇ. ಪರ್ಫೋರಿನ್ ಜೀನನ್ನು ತೆಗೆದುಹಾಕಿದ ಇಲಿಗಳಿಗೆ ಎಲ್‌ಸಿಎಂವಿಯನ್ನು ದೇಹದಿಂದ ಹೊರಹಾಕಲು ಆಗಲಿಲ್ಲ ಎಂದು 1994ರಲ್ಲಿ ತೋರಿಸಿದರು.

ಶಾಲೆಯ ವಿಡಿಯೊಗಳಲ್ಲಿ ಟಿ ಕೋಶ ಒಂದೇ ಏಟಿಗೆ ಒಬ್ಬೊಬ್ಬರನ್ನು ಉರುಳಿಸುತ್ತಾ ಹೋಗುತ್ತದೆ. ಅದನ್ನು ನಂಬಬೇಡಿ. ಬದುಕಿರುವ ಇಲಿಯೊಳಗೆ ಸೂಕ್ಷ್ಮದರ್ಶಕ ಇಟ್ಟು ನೋಡಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಟಿ ಕೋಶ ದಿನಕ್ಕೆ ಕೊಂದದ್ದು ಸೋಂಕಿತ ಕೋಶಗಳನ್ನು 2ರಿಂದ 16 ಅಷ್ಟೇ. ಎಷ್ಟೋ ಸಲ ಒಂದರಿಂದ ಕೆಲಸ ಆಗುವುದಿಲ್ಲ. ಮೂರ್ನಾಲ್ಕು ಒಂದರ ಹಿಂದೊಂದು ಬಂದು ಮುತ್ತಿದರೆ ಸಾಯುವ ಸಾಧ್ಯತೆ ಹೆಚ್ಚುತ್ತದೆ.

ಹಾಗಾದರೆ ವೈರಸ್ಸು ತಟ್ಟೆಯನ್ನೇ ಹೊರಗಿಡದಂತೆ ಮಾಡಿದರೆ? ಇಲಿಗಳ ಸೈಟೊಮೆಗಾಲೊವೈರಸ್ ಮಾಡುವುದು ಅದನ್ನೇ: ಎಂಎಚ್‌ಸಿ ಹೊರಮೈಗೆ ಬಾರದಂತೆ ತಡೆಯುತ್ತದೆ. ಆಗ ಎನ್‌ಕೆ ಕೋಶಗಳೆಂಬ, ಕೊಲ್ಲುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಬರುತ್ತವೆ. ತಟ್ಟೆಯೇ ಇಲ್ಲದ ಹೊಸ್ತಿಲು ಅವುಗಳ ಕಣ್ಣಿಗೆ ಅನುಮಾನದ್ದು. ಈ ಎಣಿಕೆಗೂ ವೈರಸ್ಸಿನ ಬಳಿ ಮದ್ದಿದೆ, ಎಂ157 ಎಂಬ ನಕಲಿ ತಟ್ಟೆ. ಕೆಲವು ತಳಿಯ ಇಲಿಗಳಲ್ಲಿ ಅದು ಎನ್‌ಕೆ ಕೋಶದ ಮೇಲಿರುವ, ‘ಸುಮ್ಮನಿರು’ ಎನ್ನುವ ಗ್ರಾಹಕಕ್ಕೆ (ಹೊರಗಿನ ಸುಳಿವು ಹಿಡಿಯುವ ಪ್ರೋಟೀನಿಗೆ) ಅಂಟಿ ಅದನ್ನು ಯಾಮಾರಿಸುತ್ತದೆ. ಆದರೆ ಸಿ57 ಬ್ಲ್ಯಾಕ್-6 ಎಂಬ ಕಪ್ಪು ಇಲಿಗಳಲ್ಲಿ ಎಲ್‌ವೈ49ಎಚ್ ಎಂಬ ಇನ್ನೊಂದು ಗ್ರಾಹಕವಿದೆ, ಅದೇ ನಕಲಿ ತಟ್ಟೆ ಕಂಡರೆ ‘ಕೊಲ್ಲು’ ಎನ್ನುವಂಥದ್ದು. ಆ ಗ್ರಾಹಕ ಇಲ್ಲದ ಬಾಲ್ಬ್-ಸಿ ಇಲಿಯ ಗುಲ್ಮದಲ್ಲಿ ಆರಂಭದ ದಿನಗಳಲ್ಲೇ ವೈರಸ್ಸು ಮೇರೆ ಮೀರಿ ಬೆಳೆದರೆ, ಕಪ್ಪು ಇಲಿಯಲ್ಲಿ ತಾನೇ ಇಟ್ಟ ತಟ್ಟೆಯಿಂದ ಸಿಕ್ಕಿಬೀಳುತ್ತದೆ.