ಎಮ್ಮೆಗೆ ಜ್ವರ, ಎತ್ತಿಗೆ ಬರೆ

ಚಿಕ್ಕ ಚಿತ್ರ ಕೊಟ್ಟರೆ ಪ್ರೋಗ್ರಾಮ್ ನೆಟ್ಟಗೆ ಓಡುತ್ತಿತ್ತು. ದೊಡ್ಡದು ಕೊಟ್ಟರೆ ಒಂದೇ ಒಂದು ಸಾಲು ಹೇಳಿ ಸಾಯುತ್ತಿತ್ತು: ಸೆಗ್ಮೆಂಟೇಶನ್ ಫಾಲ್ಟ್, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿದ ತಪ್ಪು. ಹೊಸ ಸರ್ವರ್‌ಗೆ ಹಾಕಿದ ಮೇಲಂತೂ ಚಿಕ್ಕದು ದೊಡ್ಡದು ಎಂಬ ಭೇದವೇ ಉಳಿಯಲಿಲ್ಲ, ಎಲ್ಲದಕ್ಕೂ ಸಾವು. ಚಿತ್ರ ಸಂಸ್ಕರಿಸುವ ಲೈಬ್ರರಿ ಸಿ ಭಾಷೆಯದು, ಅದನ್ನು ಕರೆಯುವ ಕೋಡ್ ನಮ್ಮ ಪೈಥಾನ್. ಸಿ ಬರೆದವರು ತಮ್ಮ ಪರೀಕ್ಷಾ ಪ್ರೋಗ್ರಾಮ್ ಓಡಿಸಿ, 'ನಮ್ಮ ಕಡೆ ಏನೂ ತೊಂದರೆ ಇಲ್ಲ' ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು.

ಕ್ರ್ಯಾಶ್ ಆಗುತ್ತಿದ್ದದ್ದು ಚಿತ್ರವನ್ನು ಮಸುಕು ಮಾಡುವ ಫಂಕ್ಷನ್‌ನಲ್ಲಿ. ಹಾಗಾಗಿ ಎರಡು ದಿನ ಅದನ್ನೇ ಕೆದಕಿದೆವು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ, ಆ ಕಥೆ. ಜ್ವರ ಇದ್ದದ್ದು ಅದಕ್ಕಿಂತ ಎರಡು ಕರೆ ಮುಂಚೆ, ಚಿತ್ರಕ್ಕೆ ಮೆಮೊರಿ ಕೇಳಿ ಅದರ ವಿಳಾಸವನ್ನು ಮರಳಿಸುವ ಫಂಕ್ಷನ್ ಹತ್ತಿರ.

ಪೈಥಾನ್‌ನಿಂದ ಸಿ ಫಂಕ್ಷನ್ ಕರೆಯಲು ನಾವು ಬಳಸಿದ್ದು ಸಿಟೈಪ್ಸ್. 2006ರಲ್ಲಿ ಪೈಥಾನ್ 2.5ರ ಜೊತೆಗೇ ಬಂದ ಮಾಡ್ಯೂಲ್ ಇದು. ಸಿ ಫಂಕ್ಷನ್ ಏನನ್ನು ಮರಳಿಸುತ್ತದೆ ಎಂದು ನೀವು ಹೇಳದಿದ್ದರೆ ಅದು ಇಂಟ್ (ಸಿ ಭಾಷೆಯ ಪೂರ್ಣಾಂಕ) ಎಂದುಕೊಂಡುಬಿಡುತ್ತದೆ, ಅಂದರೆ 4 ಬೈಟ್. 32 ಬಿಟ್ ಯಂತ್ರದಲ್ಲಿ ಪಾಯಿಂಟರ್ (ಮೆಮೊರಿಯ ವಿಳಾಸ) ಕೂಡ 4 ಬೈಟ್ ಆದ್ದರಿಂದ ಈ ಊಹೆ ಯಾರನ್ನೂ ಕಚ್ಚುತ್ತಿರಲಿಲ್ಲ. 64 ಬಿಟ್‌ನಲ್ಲಿ ಪಾಯಿಂಟರ್ 8 ಬೈಟ್. ಮೇಲಿನ ಅರ್ಧ ಸದ್ದಿಲ್ಲದೆ ಕತ್ತರಿಸಿ ಹೋಗುತ್ತದೆ. ಎಚ್ಚರಿಕೆಯ ಸಂದೇಶವೂ ಇಲ್ಲ, ಎಕ್ಸೆಪ್ಶನ್ನೂ ಇಲ್ಲ.

ಹಾಗಿದ್ದರೆ ಚಿಕ್ಕ ಚಿತ್ರಗಳು ಬದುಕಿದ್ದು ಹೇಗೆ? ನನಗೆ ಇಷ್ಟವಾದ ಭಾಗ ಇದು. ಲಿನಕ್ಸ್‌ನ ಮ್ಯಾಲಕ್ (ಮೆಮೊರಿ ಹಂಚುವ ಫಂಕ್ಷನ್) ಚಿಕ್ಕ ತುಂಡುಗಳನ್ನು ಹೀಪ್ ಎಂಬ ಜಾಗದಿಂದ ಕೊಡುತ್ತದೆ. ಸುಮಾರು 128 ಕೆಬಿ ಮೀರಿದರೆ ಎಮ್‌ಮ್ಯಾಪ್ ಎಂಬ ಕರೆಯ ಮೂಲಕ ಬೇರೆಡೆಯಿಂದ ತರುತ್ತದೆ. ಹಳೆಯ ಸರ್ವರ್‌ನ ಪೈಥಾನ್ ಒಂದೇ ನಿಗದಿತ ವಿಳಾಸಕ್ಕೆ ಲೋಡ್ ಆಗುವಂತೆ ಕಟ್ಟಿದ್ದು. ಅದರ ಹೀಪ್ ತೀರ ಕೆಳಗಿನ ವಿಳಾಸಗಳಲ್ಲಿತ್ತು, ಅಲ್ಲಿ ಮೇಲಿನ ಅರ್ಧ ಬರೀ ಸೊನ್ನೆ. ಸೊನ್ನೆ ಕತ್ತರಿಸಿದರೆ ನಷ್ಟವೇನು? ಎಮ್‌ಮ್ಯಾಪ್ ಕೊಟ್ಟ ವಿಳಾಸಗಳು ಬಹಳ ಮೇಲಿನವು, ಅವು ಮುರಿದುಹೋದವು. ಹೊಸ ಸರ್ವರ್‌ನಲ್ಲಿ ಪೈಥಾನ್ ಎಲ್ಲಿ ಬೇಕಾದರೂ ಲೋಡ್ ಆಗುವ ಬಗೆಯದು, ಹಾಗಾಗಿ ಹೀಪ್ ಕೂಡ ಮೇಲಕ್ಕೆ ಹೋಗಿತ್ತು.

ಮರಳಿ ಬಂದ ವಿಳಾಸವನ್ನು ಹೆಕ್ಸ್‌ನಲ್ಲಿ (16ರ ಆಧಾರದ ಅಂಕಿಗಳಲ್ಲಿ) ಪ್ರಿಂಟ್ ಮಾಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಇರಬೇಕಾದ 12 ಅಂಕಿಯ ಬದಲು 8, ಕೆಲವು ಸಲ ಮುಂದೆ ಮೈನಸ್ ಚಿಹ್ನೆ ಬೇರೆ. ವಿಳಾಸಕ್ಕೆಲ್ಲಿಯ ಮೈನಸ್!

ಮರಳುವುದು ಏನೆಂದು ಹೇಳುವ ರೆಸ್‌ಟೈಪ್‌ಗೆ ವಾಯ್ಡ್ ಪಾಯಿಂಟರ್ (ಬರೀ ವಿಳಾಸ) ಎಂದು ಬರೆದೆವು. ಆಗಲೂ ಸತ್ತಿತು. ಏಕೆಂದರೆ ಮರಳಿ ಬಂದ ವಿಳಾಸ ಪೈಥಾನ್‌ನಲ್ಲಿ ಬರಿಯ ಪೂರ್ಣಾಂಕ; ಅದನ್ನು ಮುಂದಿನ ಫಂಕ್ಷನ್‌ಗೆ ಕೊಡುವಾಗ ಕೊಡುವುದು ಏನೆಂದು ಹೇಳುವ ಆರ್ಗ್‌ಟೈಪ್ಸ್ ಬರೆಯದಿದ್ದರೆ ಮತ್ತೆ ಇಂಟ್ ಎಂದೇ ಕತ್ತರಿಸಲಾಗುತ್ತದೆ. ಬರುವ ಬಾಗಿಲು ರಿಪೇರಿ ಮಾಡಿದ್ದೆವು, ಹೋಗುವ ಬಾಗಿಲು ಹಾಗೇ ಇತ್ತು. ಈಗ ನಾನು ಎರಡನ್ನೂ ಬರೆಯದ ಸಿಟೈಪ್ಸ್ ಕೋಡನ್ನು ರಿವ್ಯೂನಲ್ಲಿ ಓದುವುದಕ್ಕೂ ಹೋಗುವುದಿಲ್ಲ, ವಾಪಸ್ ಕಳಿಸುತ್ತೇನೆ. ಕರೆಯಬೇಕಾದ ಫಂಕ್ಷನ್‌ಗಳು ಐದಾರಕ್ಕಿಂತ ಹೆಚ್ಚಿದ್ದರೆ ಸಿಟೈಪ್ಸ್ ಬೇಡವೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಇದೇ ಕೆಲಸಕ್ಕಿರುವ ಪೈಬೈಂಡ್11, ಸೈಥಾನ್, ಕಂಪೈಲರ್ ಜೊತೆ ಬಳಸುವ ಸಿಎಫ್‌ಎಫ್‌ಐ ಇವುಗಳಲ್ಲಿ ಇಂಥ ತಪ್ಪನ್ನು ಕಂಪೈಲರೇ ಹಿಡಿಯುವ ಸಾಧ್ಯತೆ ಹೆಚ್ಚು.

ಕ್ರ್ಯಾಶ್ ಕಂಡ ಕೂಡಲೇ ಮೊದಲು ಫಾಲ್ಟ್‌ಹ್ಯಾಂಡ್ಲರ್ ಹಚ್ಚಿ. ಪೈಥಾನ್ 3.3ರಿಂದಲೂ ಜೊತೆಗೇ ಬರುತ್ತದೆ. ಪ್ರಕ್ರಿಯೆ (ಓಡುತ್ತಿರುವ ಪ್ರೋಗ್ರಾಮ್) ಸಾಯುವಾಗ ಪೈಥಾನ್‌ನ ಯಾವ ಸಾಲಿನಲ್ಲಿತ್ತು ಎಂದು ಹೇಳುತ್ತದೆ. ಸಿ ಒಳಗೆ ಏನಾಯಿತು ಎಂಬುದಕ್ಕೆ ಜಿಡಿಬಿ ಎಂಬ ಡಿಬಗ್ಗರ್ (ದೋಷ ಹುಡುಕುವ ಉಪಕರಣ) ಬೇಕು. ಪೈಥಾನ್‌ನ ಡಿಬಗ್ ಸಿಂಬಲ್‌ಗಳಿದ್ದರೆ ಅದರಲ್ಲಿ ಪೈ-ಬಿಟಿ ಎಂಬ ಆಜ್ಞೆ ಸಿ ಸ್ಟ್ಯಾಕ್ (ಕರೆಗಳ ಸರಣಿ) ನಡುವಿನಿಂದ ಪೈಥಾನ್ ಸಾಲುಗಳನ್ನು ಹೆಕ್ಕಿ ತೋರಿಸುತ್ತದೆ.

ಎಡಿಟರ್‌ನಲ್ಲೇ ಎರಡನ್ನೂ ನೋಡಬೇಕೆಂದರೆ ಒಂದೇ ಪ್ರಕ್ರಿಯೆಗೆ ಎರಡು ಡಿಬಗ್ಗರ್ ಅಂಟಿಸಬೇಕು. ಮೊದಲು ಪೈಥಾನ್‌ನದು, ಸಿ ಕರೆಗೆ ಮುಂಚಿನ ಸಾಲಿನಲ್ಲಿ ನಿಲ್ಲಿಸಿ. ಆಮೇಲೆ ಪ್ರಕ್ರಿಯೆಯ ಸಂಖ್ಯೆ ಕೊಟ್ಟು ಜಿಡಿಬಿ. ಇಲ್ಲಿ ಹೊಸಬರು ಎಡವುವುದು ಎರಡು ಕಡೆ. ಉಬುಂಟುವಿನಲ್ಲಿ ಪಿಟ್ರೇಸ್_ಸ್ಕೋಪ್ ಎಂಬ ಸೆಟ್ಟಿಂಗ್ 1 ಆಗಿರುತ್ತದೆ, ತನ್ನ ಮಗುವಲ್ಲದ (ತಾನೇ ಶುರು ಮಾಡದ) ಪ್ರಕ್ರಿಯೆಗೆ ಜಿಡಿಬಿ ಅಂಟಲು ಅನುಮತಿ ಸಿಗುವುದಿಲ್ಲ. ಇನ್ನೊಂದು, ಜಿಡಿಬಿ ಪ್ರಕ್ರಿಯೆಯನ್ನು ತಡೆದರೆ ಅದರೊಳಗೇ ಓಡುವ ಪೈಥಾನ್ ಡಿಬಗ್ಗರ್ ಕೂಡ ನಿಲ್ಲುತ್ತದೆ. ಎಡಿಟರ್ ಹ್ಯಾಂಗ್ ಆಯಿತೆಂದು ಮುಚ್ಚಿಬಿಡಬೇಡಿ.

ಕಾಲ್‌ಬ್ಯಾಕ್ (ಸಿ ಆಮೇಲೆ ಕರೆಯಲೆಂದು ಕೊಡುವ ಫಂಕ್ಷನ್) ಬಗ್ಗೆ ಒಂದು ಮಾತು. ಪೈಥಾನ್ ಫಂಕ್ಷನ್ನನ್ನು ಸುತ್ತಿ ಸಿ ಕೈಗೆ ಕೊಟ್ಟು, ಆ ಸುತ್ತಿದ ವಸ್ತುವನ್ನು ಯಾವ ವೇರಿಯಬಲ್‌ನಲ್ಲೂ ಇಟ್ಟುಕೊಳ್ಳದಿದ್ದರೆ, ಪೈಥಾನ್ ಅದನ್ನು ಕಸವೆಂದು ಗುಡಿಸಿಬಿಡುತ್ತದೆ. ಸಿ ಬಳಿ ಉಳಿಯುವುದು ಖಾಲಿ ಮನೆಯ ವಿಳಾಸ. ಅದು ಕರೆಯುವುದು ಯಾವಾಗಲೋ, ಸಾಯುವುದು ಆಗ.

ಎಲ್ಲ ಎಡವಟ್ಟೂ ಮೆಮೊರಿಯದ್ದೇ ಅಲ್ಲ. ಸಿಪಿ311 ಎಂಬ ಗುರುತಿನೊಂದಿಗೆ, ಅಂದರೆ ಪೈಥಾನ್ 3.11ಕ್ಕೆಂದು, ಕಟ್ಟಿದ ಮಾಡ್ಯೂಲನ್ನು ಪೈಥಾನ್ 3.12 ಎತ್ತಿಕೊಳ್ಳುವುದಿಲ್ಲ, ಫೈಲ್ ಕಣ್ಣೆದುರೇ ಇದ್ದರೂ 'ಮಾಡ್ಯೂಲ್ ಇಲ್ಲ' ಎನ್ನುತ್ತದೆ. ಟರ್ಮಿನಲ್‌ನಲ್ಲಿ ಒಂದು ಪೈಥಾನ್, ಎಡಿಟರ್‌ನಲ್ಲಿ ಇನ್ನೊಂದು ಓಡುತ್ತಿರುವುದು ಮಾಮೂಲು. ಸಿಸ್.ಎಕ್ಸಿಕ್ಯೂಟಬಲ್ ಪ್ರಿಂಟ್ ಮಾಡಿದರೆ ಸಾಕು, ಯಾವುದು ಓಡುತ್ತಿದೆ ಎಂದು ತಿಳಿಯುತ್ತದೆ.

ಭಾಷೆಗಳು ಬೇರೆ ಬೇರೆ ಪ್ರಕ್ರಿಯೆಗಳಲ್ಲಿ ಇದ್ದರೆ ಕ್ರ್ಯಾಶ್ ಕಡಿಮೆ, ಮೌನ ಹೆಚ್ಚು. ಮಗು ಪ್ರಕ್ರಿಯೆ ದೋಷ ಸಂದೇಶಗಳನ್ನು ಬರೆಯುತ್ತಲೇ ಇದೆ, ಪೈಥಾನ್ ಅದರ ಔಟ್‌ಪುಟ್ ಮಾತ್ರ ಓದುತ್ತಿದೆ ಎನ್ನಿ. ಆ ಸಂದೇಶಗಳು ಹಾಯುವ ಲಿನಕ್ಸ್ ಪೈಪ್ ಸಾಮಾನ್ಯವಾಗಿ ಹಿಡಿಯುವುದು 64 ಕೆಬಿ. ಅದು ತುಂಬಿದ ಕ್ಷಣ ಮಗು ಬರೆಯಲಾಗದೆ ನಿಲ್ಲುತ್ತದೆ, ಪೈಥಾನ್ ಓದಲು ಕಾಯುತ್ತ ನಿಲ್ಲುತ್ತದೆ. ಪೈಥಾನ್‌ನ ಕಮ್ಯುನಿಕೇಟ್ ಬಳಸಿದರೆ ಔಟ್‌ಪುಟ್, ದೋಷ ಸಂದೇಶ ಎರಡನ್ನೂ ಒಟ್ಟಿಗೆ ಓದುತ್ತದೆ.

ಜಾವಾಸ್ಕ್ರಿಪ್ಟ್ ಜೊತೆ ಜೇಸನ್ ಎಂಬ ಪಠ್ಯರೂಪದ ಮೂಲಕ ಮಾತಾಡುವಾಗ ದೊಡ್ಡ ಸಂಖ್ಯೆಗಳ ಮೇಲೆ ಕಣ್ಣಿಡಿ. ಪೈಥಾನ್‌ನ ಪೂರ್ಣಾಂಕಕ್ಕೆ ಮಿತಿಯಿಲ್ಲ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ 9007199254740992 ದಾಟಿದ ಮೇಲೆ ಎಲ್ಲ ಪೂರ್ಣಾಂಕಗಳನ್ನೂ ಹಿಡಿದಿಡಲಾರದು. ಇದೇ ಸಂಖ್ಯೆಯ ಕೊನೆಯಲ್ಲಿ 992 ಬದಲು 993 ಇರುವ ಗ್ರಾಹಕ ಸಂಖ್ಯೆ ಕಳಿಸಿದರೆ ಅಲ್ಲಿ 992 ಆಗಿ ಇಳಿಯುತ್ತದೆ, ಇನ್ಯಾರದೋ ಖಾತೆ ತೆರೆಯುತ್ತದೆ. ಅಂಥದ್ದನ್ನು ಸ್ಟ್ರಿಂಗ್ (ಪಠ್ಯ) ಮಾಡಿ ಕಳಿಸಿ.