ಕರುಳಿನ ಬ್ಯಾಕ್ಟೀರಿಯಾ ಲೆಕ್ಕ ಎಲ್ಲಿ ತಪ್ಪುತ್ತದೆ?

ಮಧುಮೇಹಿಗಳ ಕರುಳಿನ ಬ್ಯಾಕ್ಟೀರಿಯಾ ಉಳಿದವರಿಗಿಂತ ಬೇರೆಯೇ ಎಂದು ಪರೀಕ್ಷಿಸಬೇಕು ಅಂದುಕೊಳ್ಳಿ. ರೋಗಿಗಳ ಮಲದ ಮಾದರಿ ಕೋಲಾರದ ಆಸ್ಪತ್ರೆಯಲ್ಲೇ ಸಿಕ್ಕಿ, ಒಂದು ಗಂಟೆಯೊಳಗೆ ಫ್ರೀಜರ್ ಸೇರಿತು. ಆರೋಗ್ಯವಂತರದು ಶ್ರೀನಿವಾಸಪುರದ ಹಳ್ಳಿಗಳಿಂದ ಏಪ್ರಿಲ್ ಬಿಸಿಲಲ್ಲಿ ಬೈಕಿನ ಮೇಲೆ ಬಂದು ಸಂಜೆ ತಲುಪಿತು. ದಾರಿಯುದ್ದಕ್ಕೂ ಡಬ್ಬಿಯೊಳಗೆ ಇ. ಕೊಲೈ ಬಳಗದ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತದೆ. ಕೊನೆಗೆ ಕಾಣುವ ವ್ಯತ್ಯಾಸದಲ್ಲಿ ಕಾಯಿಲೆಯ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಎಂದು ಬಿಡಿಸಿ ಹೇಳಲು ಸಾಧ್ಯವೇ ಇಲ್ಲ.

ಮೈನಸ್ 80 ಡಿಗ್ರಿಯ ಫ್ರೀಜರ್ ಹತ್ತಿರವಿಲ್ಲದಿದ್ದರೆ ಮಾದರಿ ಪೂರ್ತಿ ಮುಳುಗುವಷ್ಟು 95% ಎಥನಾಲ್ (ಆಲ್ಕೋಹಾಲ್) ಹಾಕಿ ಚೆನ್ನಾಗಿ ಕಲಸಬೇಕು. ಆರೋಗ್ಯ ಕೇಂದ್ರದಲ್ಲಿ ಸುಲಭವಾಗಿ ಸಿಗುವುದು 70%ನದು. 2016ರಲ್ಲಿ ಎಂಟು ವಾರ ಇಟ್ಟು ಹೋಲಿಸಿದಾಗ ಅದು ಕೈಕೊಟ್ಟಿತು, 95%ನದು ನಿಂತಿತು. ಫ್ರೀಜರ್‌ಗೆ ಇಡುವುದಾದರೆ ಮೊದಲೇ ಸಣ್ಣ ಟ್ಯೂಬುಗಳಿಗೆ ಹಂಚಿಬಿಡಿ. ಕರೆಂಟು ಹೋಗಿ ಬಂದು ಕರಗಿ ಹೆಪ್ಪುಗಟ್ಟಿದ ಮಾದರಿಯನ್ನು ನಂಬುವಂತಿಲ್ಲ.

ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಲೆಕ್ಕ ಹಾಕುವುದು ಅವುಗಳ ಡಿಎನ್ಎ ನೋಡಿ. ಅದನ್ನು ಮಾದರಿಯಿಂದ ತೆಗೆಯುವ ಹಂತ ಇನ್ನೂ ತೊಡಕಿನದು. 2017ರಲ್ಲಿ 21 ವಿಧಾನಗಳನ್ನು ಒಂದೇ ಮಾದರಿಗಳ ಮೇಲೆ ಪ್ರಯೋಗಿಸಿದಾಗ ಫಲಿತಾಂಶ ಅತಿ ಹೆಚ್ಚು ಅಲುಗಾಡಿದ್ದು ಇಲ್ಲೇ. ಬಿಫಿಡೊಬ್ಯಾಕ್ಟೀರಿಯಂನಂಥವುಗಳ ಗೋಡೆ ದಪ್ಪ. ಬರೀ ರಾಸಾಯನಿಕಕ್ಕೆ ಅದು ಸರಿಯಾಗಿ ಒಡೆಯದೆ, ಅವು ಕಡಿಮೆ ಇವೆ ಎಂದೇ ಲೆಕ್ಕ ಬರುತ್ತದೆ. 0.1 ಮಿ.ಮೀ. ಮಣಿಗಳ ಜೊತೆ ಟ್ಯೂಬನ್ನು ಯಂತ್ರದಲ್ಲಿ ಜೋರಾಗಿ ಕುಲುಕಲೇಬೇಕು. ಒಡೆದಿದೆಯೋ ಇಲ್ಲವೋ ತಿಳಿಯಲು, ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಸಿದ್ಧ ಮಿಶ್ರಣವೊಂದನ್ನೂ ಪ್ರತಿ ಸಲ ಓಡಿಸಿ.

ಏನೂ ಹಾಕದ ಖಾಲಿ ಟ್ಯೂಬೂ ಜೊತೆಗಿರಲಿ. ಡಿಎನ್ಎ ತೆಗೆಯಲು ಬಳಸುವ ಕಿಟ್‌ನ ದ್ರಾವಣಗಳಲ್ಲೇ ಬ್ಯಾಕ್ಟೀರಿಯಾ ಡಿಎನ್ಎ ಇರುತ್ತದೆ. 2014ರಲ್ಲಿ ಒಂದೇ ಜಾತಿಯ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಹಂತಹಂತವಾಗಿ ತೆಳು ಮಾಡುತ್ತ ಹೋದಾಗ, ಕೊನೆಗೆ ಕಂಡದ್ದು ಬಹುಪಾಲು ಕಿಟ್‌ನ ಕಲ್ಮಶವೇ. ಮಲದಲ್ಲಿ ಬ್ಯಾಕ್ಟೀರಿಯಾ ದಂಡಿಯಾಗಿರುವುದರಿಂದ ಅಪಾಯ ಕಡಿಮೆ. ರಕ್ತ, ಶ್ವಾಸಕೋಶದ ಮಾದರಿಯಲ್ಲಿ ಖಾಲಿ ಟ್ಯೂಬ್ ಇಲ್ಲದ ವರದಿಯನ್ನು ಓದುವುದೇ ದಂಡ.

ಹಲವು ಮಾದರಿಗಳನ್ನು ಒಟ್ಟಿಗೆ ಓಡಿಸುವ ಪ್ಲೇಟ್‌ನಲ್ಲೂ ಎಚ್ಚರ ಬೇಕು. ರೋಗಿಗಳ ಮಾದರಿಯೆಲ್ಲ ಒಂದು ಪ್ಲೇಟ್, ಉಳಿದವರದು ಇನ್ನೊಂದು ಎಂದು ಮಾಡದೆ ಬೆರೆಸಿ ಹಾಕಿ. ಇಲ್ಲವಾದರೆ ಪ್ಲೇಟಿನ ವ್ಯತ್ಯಾಸವೇ ಕಾಯಿಲೆಯ ವ್ಯತ್ಯಾಸದಂತೆ ಕಂಡೀತು.

ಇಷ್ಟೆಲ್ಲ ಮಾಡಿದರೂ ಮಾತ್ರೆಯ ವಿಚಾರ ಕೇಳದಿದ್ದರೆ ದಾರಿ ತಪ್ಪುತ್ತದೆ. ಮಧುಮೇಹದ ಗುರುತು ಎಂದುಕೊಂಡಿದ್ದರಲ್ಲಿ ಒಂದು ಪಾಲು ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್‌ನ ಪರಿಣಾಮ ಎಂದು 2015ರಲ್ಲಿ ಗೊತ್ತಾಯಿತು. ಊಟದ್ದೂ ಅಷ್ಟೇ. ಅವರೆ ಕಾಲದಲ್ಲಿ ದಿನಾ ಹಿತಕಿದ ಬೇಳೆ ಸಾರು ಉಣ್ಣುವವರ ಮಾದರಿಯನ್ನು ಮೇ ತಿಂಗಳ ಮಾದರಿಯ ಜೊತೆ ತೂಗಲಾಗದು. ಎರಡೂ ಗುಂಪಿನ ಸಂಗ್ರಹ ಒಂದೇ ತಿಂಗಳಲ್ಲಿ ಮುಗಿಯಬೇಕು.